ತಾರಸಿಯ ಗುಜರಿಗೆ ಇನ್ನೊಂದು ಟೆಂಡರ್ ಬೇಡ

ಸರ್ಕಾರಿ ವಸತಿನಿಲಯ, ವಸತಿಶಾಲೆ, ಜಿಲ್ಲಾಸ್ಪತ್ರೆಗಳ ತಾರಸಿ ಹತ್ತಿದವರಿಗೆ ಈ ನೋಟ ಹೊಸದಲ್ಲ. ಅರ್ಧ ಒಡೆದ ಗಾಜಿನ ಕೊಳವೆಗಳು, ತುಕ್ಕು ತಿಂದ ಸ್ಟ್ಯಾಂಡು, ಹೊದಿಕೆ ಕಿತ್ತುಹೋದ ಪೈಪು, ತಳ ಸೋರುವ ಟ್ಯಾಂಕು, ಅದರ ಮೇಲೆ ಒಣಗಲು ಹಾಕಿದ ಚಾದರ. ಹತ್ತು ಹದಿನೈದು ವರ್ಷಗಳ ಹಿಂದೆ ಕೂರಿಸಿದ ಸೋಲಾರ್ ವಾಟರ್ ಹೀಟರ್‌ಗಳು ಬಹಳಷ್ಟು ಕಡೆ ಆಯುಷ್ಯ ಮುಗಿಸಿವೆ. ಕೆಲವು ಕಡೆ ಆಯುಷ್ಯಕ್ಕೆ ಮೊದಲೇ ಕೈಕೊಟ್ಟಿವೆ. ಇವನ್ನು ಬದಲಿಸಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಎಸ್ಟಿಮೇಟಿನ ತಾರೀಖು ತಿದ್ದಿ, ಅದೇ ಸಾಮರ್ಥ್ಯದ ಟ್ಯಾಂಕಿಗೆ ಅದೇ ಟೆಂಡರ್ ಕರೆದು, ಕಡಿಮೆ ದರ ನಮೂದಿಸಿದವನಿಗೆ ಕೆಲಸ ಕೊಟ್ಟು ಕೈತೊಳೆದುಕೊಳ್ಳುವುದಾದರೆ, ಬದಲಿಸದಿರುವುದೇ ಲೇಸು. ಸಾರ್ವಜನಿಕರ ಹಣವಾದರೂ ಉಳಿದೀತು.

ಮಾತು ಕಟುವಾಯಿತು ಎನ್ನುವವರು ಡಿಸೆಂಬರ್ ಕೊನೆಯ ವಾರ ಬೀದರಿನಲ್ಲೋ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಬೆಳಿಗ್ಗೆ ಆರಕ್ಕೆ ಒಂದು ಹಾಸ್ಟೆಲಿನ ಬಚ್ಚಲ ಮುಂದೆ ನಿಲ್ಲಲಿ. ಹೀಟರ್ ಕೆಟ್ಟ ಕಡೆ ಮಕ್ಕಳು ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ತಣ್ಣೀರು ಸುರಿದುಕೊಳ್ಳುತ್ತಾರೆ. ಕೆಲವರು ಸ್ನಾನವನ್ನೇ ಬಿಡುತ್ತಾರೆ. ಕಜ್ಜಿ, ತುರಿಕೆ ಒಬ್ಬರಿಂದ ಒಬ್ಬರಿಗೆ ಕೊಠಡಿಯಿಡೀ ಹಬ್ಬುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿಲ್ಲ. ಸ್ವಲ್ಪ ದೊಡ್ಡವರು ಸಂತೆಯಲ್ಲಿ ಸಿಗುವ ಅಗ್ಗದ ಕಾಯಿಲ್ ತಂದು ಬಕೆಟ್ಟಿಗೆ ಇಳಿಬಿಡುತ್ತಾರೆ. ಒದ್ದೆ ನೆಲ, ಬರಿಗಾಲು, ಅರ್ತಿಂಗ್ ಇಲ್ಲದ ಪ್ಲಗ್ಗು. ‘ಕಾಯಿಲ್ ಬಳಕೆ ನಿಷೇಧಿಸಿದೆ’ ಎಂಬ ಫಲಕ ತೂಗುಹಾಕುವ ಆಡಳಿತಕ್ಕೆ, ಮಗು ಕಾಯಿಲ್ ತಂದದ್ದೇಕೆ ಎಂಬ ಪ್ರಶ್ನೆ ಮಾತ್ರ ಹೊಳೆಯುವುದಿಲ್ಲ. ಹೆಣ್ಣುಮಕ್ಕಳ ನಿಲಯಗಳಲ್ಲಿ ಮುಟ್ಟಿನ ದಿನಗಳ ಪಾಡು ಬೇರೆ ಹೇಳಬೇಕಿಲ್ಲ. ಆಸ್ಪತ್ರೆಗಳಲ್ಲಿ ಬಾಣಂತಿಯ ಮನೆಯವರು ಎದುರಿನ ಟೀ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ಹೊತ್ತು ತರುವುದನ್ನು ನೋಡಿ ನೋಡಿ ನಮಗೆ ಅದು ಸಹಜವೆನಿಸಿಬಿಟ್ಟಿದೆ.

ಈ ಸ್ಥಿತಿ ಬಂದದ್ದು ಕಾನೂನಿಲ್ಲದೆ ಅಲ್ಲ. ಸೋಲಾರ್ ಬಿಸಿನೀರಿನ ವಿಷಯದಲ್ಲಿ ದೇಶದ ಮುಂಚೂಣಿಯಲ್ಲಿದ್ದ ರಾಜ್ಯ ನಮ್ಮದು. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಧಿಕಾರ ಬಳಸಿ 2007ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶ ಆಸ್ಪತ್ರೆ, ಹಾಸ್ಟೆಲ್, ವಸತಿಶಾಲೆ, ಹೋಟೆಲ್, ಜೈಲು, ಸರ್ಕಾರಿ ಕಟ್ಟಡ ಎಲ್ಲಕ್ಕೂ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ನಗರಗಳ ಮನೆಗಳಿಗೂ ಅದು ಅನ್ವಯಿಸಿತು. ಗೃಹಬಳಕೆಯ ಕರೆಂಟ್ ಬಿಲ್ಲಿನಲ್ಲಿ ಯುನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿಯೂ ಬಂತು. ಮನೆಗಳಲ್ಲಿ ಈ ನೀತಿ ಗೆದ್ದಿತು. ಬೆಂಗಳೂರಿನ ತಾರಸಿಗಳನ್ನು ಎತ್ತರದಿಂದ ನೋಡಿದರೆ ಸಾಕು, ಗೊತ್ತಾಗುತ್ತದೆ. ಮನೆಯಲ್ಲಿ ಹೀಟರ್ ಕೆಟ್ಟರೆ ಮರುದಿನ ಬೆಳಿಗ್ಗೆ ತಣ್ಣೀರು ಮೈಮೇಲೆ ಬೀಳುವುದು ಹಣ ಕೊಟ್ಟು ಅದನ್ನು ಕೂರಿಸಿದವನಿಗೇ. ಸಂಜೆಯೊಳಗೆ ಮೆಕ್ಯಾನಿಕ್ ಬಂದಿರುತ್ತಾನೆ. ಹಾಸ್ಟೆಲಿನಲ್ಲಿ ಖರೀದಿಸುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು, ಬಿಲ್ ಪಾಸು ಮಾಡುವವರು ಮತ್ತೊಬ್ಬರು, ನಡುಗುವವರು ಇವರ್‍ಯಾರೂ ಅಲ್ಲ. ಆದೇಶ ಹೀಟರ್ ಕೂರಿಸಿ ಎಂದಿತು. ಕೂರಿಸಿದ ಹೀಟರ್ ನೀರು ಕಾಯಿಸುತ್ತಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡುವ ಹೊಣೆಯನ್ನು ಯಾರ ತಲೆಗೂ ಕಟ್ಟಲಿಲ್ಲ. ಕೇಂದ್ರ ಸರ್ಕಾರದ ಸಹಾಯಧನವೂ 2014ರಲ್ಲಿ ನಿಂತಿತು. ಆಮೇಲೆ ಉಳಿದದ್ದು ತಾರಸಿಯ ಮೇಲಿನ ಕಬ್ಬಿಣ.

ಕೆಟ್ಟದ್ದೇಕೆ? ‘ಮಕ್ಕಳು ಹಾಳು ಮಾಡುತ್ತಾರೆ’ ಎಂಬುದು ಸಿದ್ಧ ಉತ್ತರ. ಕೆಳಗಿನ ನಲ್ಲಿ ಮುರಿದಿದ್ದರೆ ಒಪ್ಪೋಣ, ತಾರಸಿಯ ಬೀಗದ ಕೈ ಮಕ್ಕಳ ಬಳಿ ಇರುವುದಿಲ್ಲ. ನಿಜವಾದ ಕೊಲೆಗಾರ ಬೋರ್‌ವೆಲ್ಲಿನ ನೀರು. ಬಯಲುಸೀಮೆಯ ಬಹುಪಾಲು ವಸತಿನಿಲಯಗಳ ಕೊಳವೆಬಾವಿ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು ಎನ್ನುತ್ತದೆ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸುತ್ತದೆ. ನಡುವಿನ ಲೆಕ್ಕ ಹಿಡಿಯೋಣ: 400 ಮಿಲಿಗ್ರಾಂ. ದಿನಕ್ಕೆ 1,500 ಲೀಟರ್ ಕಾಯಿಸುವ ವ್ಯವಸ್ಥೆಯೊಳಗೆ ದಿನವೂ 600 ಗ್ರಾಂನಷ್ಟು ಸುಣ್ಣದ ಅಂಶ ಹರಿದುಹೋಗುತ್ತದೆ. ನೀರು ಬಿಸಿಯಾದಷ್ಟೂ ಅದು ಕರಗಿ ಉಳಿಯಲಾರದೆ ಗೋಡೆಗೆ ಅಂಟುತ್ತದೆ. ಹತ್ತರಲ್ಲಿ ಒಂದು ಪಾಲು ಅಂಟಿದರೂ ವರ್ಷಕ್ಕೆ 22 ಕಿಲೋ. ಈ ಪದರ ಶಾಖ ಸಾಗಿಸುವ ಗುಣದಲ್ಲಿ ತಾಮ್ರಕ್ಕಿಂತ ನೂರಾರು ಪಟ್ಟು ಕೆಳಗೆ. ಬೆರಳ ಗಾತ್ರದ ತಾಮ್ರದ ಕೊಳವೆ ಎರಡು ಮೂರು ವರ್ಷದಲ್ಲಿ ಕಟ್ಟಿಕೊಂಡು ಕೂರುತ್ತದೆ. ಗಾಜಿನ ಕೊಳವೆಯ ತಳದಲ್ಲಿ ಬಿಳಿ ಹರಳು ತುಂಬುತ್ತದೆ. ಮೋಡದ ದಿನಕ್ಕೆಂದು ಟ್ಯಾಂಕಿನೊಳಗಿಟ್ಟ ಕರೆಂಟಿನ ಕಾಯಿಲ್ ಸುಣ್ಣದ ಕವಚದೊಳಗೆ ತಾನೇ ಬೆಂದು ಸಾಯುತ್ತದೆ.

ಇದಕ್ಕೆ ಮದ್ದಿಲ್ಲವೇ? ಇದೆ, ದಶಕಗಳಿಂದ ಇದೆ. ಗಡಸು ನೀರಿರುವಲ್ಲಿ ಬಿಸಿಲು ಹಿಡಿಯುವ ಕಲೆಕ್ಟರಿನೊಳಗೆ ಸ್ನಾನದ ನೀರನ್ನು ಬಿಡಬಾರದು. ಬೇರೊಂದು ಮುಚ್ಚಿದ ಸುತ್ತಿನ ಮೃದು ನೀರು ಶಾಖ ಹೊತ್ತು ತಂದು, ಶಾಖ ವಿನಿಮಯಕದ ಮೂಲಕ ಟ್ಯಾಂಕಿನ ನೀರಿಗೆ ದಾಟಿಸಬೇಕು. ಇಲ್ಲವೇ ಮೃದುಕಾರಕ ಹಾಕಬೇಕು, ಅದಕ್ಕೆ ಹೊತ್ತಿಗೆ ಹೊತ್ತಿಗೆ ಉಪ್ಪು ಸುರಿಯಬೇಕು. ವರ್ಷಕ್ಕೊಮ್ಮೆ ಸುಣ್ಣ ಇಳಿಸಬೇಕು. ಟ್ಯಾಂಕಿನ ಲೋಹದ ಬದಲು ತಾನು ಸವೆದುಹೋಗಲೆಂದೇ ಒಳಗೆ ಇಳಿಬಿಟ್ಟ ಮೆಗ್ನೀಸಿಯಂ ಸಲಾಕೆಯನ್ನು ಸಕಾಲಕ್ಕೆ ಬದಲಿಸಬೇಕು. ಟ್ಯಾಂಕಿನ ಬೆಲೆಯ ಮುಂದೆ ಆ ಸಲಾಕೆಯ ಬೆಲೆ ಲೆಕ್ಕಕ್ಕೇ ಬಾರದು. ಅಂಥದೊಂದು ಸಲಾಕೆ ಇದೆ ಎಂದೇ ಬಹುತೇಕ ವಾರ್ಡನ್‌ಗಳಿಗೆ ಯಾರೂ ಹೇಳಿಲ್ಲ. ಹೇಳಿದ್ದರೂ ಕೊಂಡು ತರಲು ಅವರ ಬಳಿ ಯಾವ ಶೀರ್ಷಿಕೆಯಲ್ಲಿ ಹಣವಿದೆ? ನೀರು ಪರೀಕ್ಷೆ ಮಾಡಿಸದೆ ಹೀಟರಿನ ಬಗೆ ನಿರ್ಧರಿಸಿದ ಎಸ್ಟಿಮೇಟು, ರಕ್ತ ಪರೀಕ್ಷಿಸದೆ ರಕ್ತ ಕೊಟ್ಟ ವೈದ್ಯನಂತೆ. ಅದಕ್ಕೆ ಸಹಿ ಹಾಕಿದ ಎಂಜಿನಿಯರನ್ನು ಇದುವರೆಗೆ ಯಾರೂ ಕೇಳಿಲ್ಲ.

ಇನ್ನು ಪೈಪಿನ ಕಥೆ. ಒಂದಂಗುಲದ ಪೈಪು 50 ಮೀಟರ್ ಉದ್ದ ಇದ್ದರೆ ಅದರ ಹೊಟ್ಟೆಯಲ್ಲಿ ಸುಮಾರು 25 ಲೀಟರ್ ನೀರು ನಿಂತಿರುತ್ತದೆ. ರಾತ್ರಿಯಿಡೀ ತಾರಸಿಯ ಚಳಿಗೆ ಆರಿದ ಈ ನೀರು ಪೂರ್ತಿ ಹೊರಹೋಗುವವರೆಗೆ ಕೊನೆಯ ಬಚ್ಚಲಿಗೆ ಬಿಸಿ ತಲುಪುವುದಿಲ್ಲ. ಅಂದರೆ ಮೊದಲ ಮಗು ಒಂದು ಬಕೆಟ್ಟಿಗೂ ಮಿಕ್ಕಿ ತಣ್ಣೀರು ಚೆಲ್ಲಬೇಕು, ಇಲ್ಲವೇ ಅದನ್ನೇ ಮೀಯಬೇಕು. ನೀರಿಗೆ ಬರವಿರುವ ಊರಿನಲ್ಲಿ ಇದು ಎರಡು ಪಟ್ಟು ಅನ್ಯಾಯ. ಸಣ್ಣ ಪಂಪಿನಿಂದ ಬಿಸಿನೀರನ್ನು ಪೈಪಿನಲ್ಲಿ ಸುತ್ತಿಸುತ್ತಿರುವುದು, ಪೈಪಿಗೆ ಬಿಸಿಲಿಗೆ ಪುಡಿಯಾಗದಂಥ ದಪ್ಪ ಹೊದಿಕೆ ಹಾಕುವುದು, ಟ್ಯಾಂಕನ್ನು ಬಚ್ಚಲ ಸಾಲಿನ ನೆತ್ತಿಗೇ ಕೂರಿಸುವುದು, ಇವು ಮೂರೂ ಎಸ್ಟಿಮೇಟಿನಲ್ಲಿ ಮೊದಲು ಕತ್ತರಿ ಬೀಳುವ ಬಾಬ್ತುಗಳು. ಟ್ಯಾಂಕ್ ಫೋಟೋದಲ್ಲಿ ಕಾಣುತ್ತದೆ, ಹೊದಿಕೆ ಕಾಣುವುದಿಲ್ಲ.

ಹಾಗಾದರೆ ಹಳೆಯದರ ಜಾಗಕ್ಕೆ ಏನು ಬರಬೇಕು? ಇಲ್ಲಿ ಅಂಕಗಣಿತ ಬೇಕು. 200 ಮಕ್ಕಳು, ತಲೆಗೆ 15 ಲೀಟರಿನ ಒಂದು ಬಕೆಟ್, 22 ಡಿಗ್ರಿಯ ನೀರನ್ನು 40 ಡಿಗ್ರಿಗೆ ಏರಿಸಬೇಕು: ದಿನಕ್ಕೆ 63 ಯುನಿಟ್ ಶಾಖ. ಸಾಮಾನ್ಯ ಗೀಸರಿನಲ್ಲಾದರೆ ಹೆಚ್ಚುಕಡಿಮೆ ಅಷ್ಟೇ ಯುನಿಟ್ ಕರೆಂಟು. ತೆರೆದ ಒಲೆಯ ಮೇಲೆ ಹಂಡೆಯಿಟ್ಟು ಕಾಯಿಸಿದರೆ ಸೌದೆಯ ಶಾಖದಲ್ಲಿ ಏಳರಲ್ಲಿ ಆರು ಪಾಲು ಹೊಗೆಯ ಜೊತೆ ಹೋಗುತ್ತದೆ. ದಿನಕ್ಕೊಂದು ಕ್ವಿಂಟಾಲ್ ಒಣಸೌದೆ ಬೇಕು. (ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಹೆಚ್ಚು ಶಾಖ ಹಿಡಿಯುವ ಒಲೆಗಳನ್ನು ರೂಪಿಸಿ ಇಡೀ ರಾಜ್ಯಕ್ಕೆ ಕೊಟ್ಟಿತ್ತು. ಅದೇ ರಾಜ್ಯದ ಹಾಸ್ಟೆಲುಗಳ ಹಿತ್ತಲಿನಲ್ಲಿ ಇಂದಿಗೂ ಮೂರು ಕಲ್ಲಿನ ಒಲೆ ಹೊಗೆಯಾಡುವುದನ್ನು ಏನೆನ್ನೋಣ?) ಹೀಟ್ ಪಂಪ್ ಎಂಬ ಯಂತ್ರ ಸುತ್ತಲ ಗಾಳಿಯ ಶಾಖವನ್ನು ಎಳೆದು ನೀರಿಗೆ ತುಂಬುತ್ತದೆ, ಫ್ರಿಜ್ಜಿನ ಕೆಲಸವನ್ನೇ ತಿರುಗಿಸಿ ಮಾಡುತ್ತದೆ. ಒಂದು ಯುನಿಟ್ ಕರೆಂಟಿಗೆ ಸುಮಾರು ಮೂರು ಯುನಿಟ್ ಶಾಖ ಕೊಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ಅದಕ್ಕೆ ಚಳಿಗಾಲದಲ್ಲಿ ಉಸಿರು ಕಟ್ಟುತ್ತದೆ, ನಮ್ಮ ಹವೆಯಲ್ಲಿ ಆ ಕಷ್ಟವಿಲ್ಲ. 63 ಯುನಿಟ್ ಜಾಗದಲ್ಲಿ 21 ಸಾಕು. ಯುನಿಟ್‌ಗೆ 8 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 336 ರೂಪಾಯಿ ಉಳಿತಾಯ, ವರ್ಷದ 300 ದಿನಕ್ಕೆ ಒಂದು ಲಕ್ಷದ ಮೇಲೆ. ಇದು ಒಂದು ಹಾಸ್ಟೆಲಿನ ಲೆಕ್ಕ.

ಹೀಟ್ ಪಂಪ್ ದೇವರಲ್ಲ. 60 ಡಿಗ್ರಿಗೆ ಏರಿಸಹೊರಟರೆ ಅದರ ಉಳಿತಾಯ ಇಳಿಯುತ್ತದೆ, ಸುಣ್ಣ ಅದನ್ನೂ ಬಿಡುವುದಿಲ್ಲ. ನಿಧಾನಕ್ಕೆ ಕಾಯಿಸುವ ಯಂತ್ರವಾದ್ದರಿಂದ ದೊಡ್ಡ ಟ್ಯಾಂಕ್ ಬೇಕು. ಕೆಟ್ಟರೆ ಪ್ಲಂಬರ್ ಸಾಲದು, ಫ್ರಿಜ್–ಎ.ಸಿ. ಬಲ್ಲವನು ಬೇಕು, ತಾಲ್ಲೂಕು ಕೇಂದ್ರಗಳಲ್ಲಿ ಅಂಥವರು ಸಿಗುತ್ತಾರೆ, ಐ.ಟಿ.ಐ.ಗಳು ವರ್ಷ ವರ್ಷ ತಯಾರಿಸುತ್ತಿವೆ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಸೋಲಾರನ್ನು ಕಿತ್ತೆಸೆಯುವುದು ಮೂರ್ಖತನ. ಅಲ್ಲಿ ಸೋಲಾರ್ ಮುಂದೆ ನಿಂತು, ಹೀಟ್ ಪಂಪ್ ಬೆನ್ನಿಗಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣದ ಮಲೆನಾಡಿನಲ್ಲಿ ಬರೀ ಸೋಲಾರ್ ಕೂರಿಸಿದ್ದೇ ತಪ್ಪು. ಒಂದೇ ಎಸ್ಟಿಮೇಟು ಆಗುಂಬೆಗೂ ಅಫಜಲಪುರಕ್ಕೂ ಹೊಂದುತ್ತದೆ ಎಂದು ನಂಬುವ ಕಚೇರಿ ಎರಡೂ ಊರನ್ನು ನೋಡಿಲ್ಲ.

ಆಸ್ಪತ್ರೆಯ ವಿಷಯ ಬೇರೆ, ಅಪಾಯವೂ ಬೇರೆ. ಪೂರ್ತಿ ಸತ್ತ ಹೀಟರಿಗಿಂತ ಅರ್ಧ ಸತ್ತ ಹೀಟರಿಗೆ ಅಲ್ಲಿ ಹೆಚ್ಚು ಹೆದರಬೇಕು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರು ನ್ಯುಮೋನಿಯಾದಂಥ ಕಾಯಿಲೆಗೆ ತುತ್ತಾಗಿ ಸತ್ತಾಗ, ಕಾರಣ ಹುಡುಕಿದ ವಿಜ್ಞಾನಿಗಳು ಮರುವರ್ಷ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಹಚ್ಚಿದರು. ಅಲ್ಲಿ ಅನುಮಾನ ಬಿದ್ದದ್ದು ಹವಾನಿಯಂತ್ರಣದ ಕೂಲಿಂಗ್ ಟವರಿನ ಮೇಲೆ. ಆದರೆ ಈ ಜೀವಿಗೆ 25ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ ನೀರು, ಒಳಗೊಂದಿಷ್ಟು ತುಕ್ಕು, ಸುಣ್ಣ, ಕೆಸರು ಸಿಕ್ಕರೆ ಸಾಕು, ಯಾವ ಟ್ಯಾಂಕಾದರೂ ಆದೀತು. 2013ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ವೆಸ್ಲಿ ಆಸ್ಪತ್ರೆಯಲ್ಲಿ ಅದು ಬಿಸಿನೀರಿನ ವ್ಯವಸ್ಥೆಯಲ್ಲೇ ಸಿಕ್ಕಿತು. ಒಬ್ಬ ರೋಗಿ ತೀರಿಕೊಂಡರು. ಅದು ಹಬ್ಬುವುದು ಉಸಿರಿಗೆ ಸಿಕ್ಕುವ ತುಂತುರಿನ ಮೂಲಕ. ಬಕೆಟ್ ಸ್ನಾನ ನಮ್ಮನ್ನು ಒಂದಿಷ್ಟು ಕಾಪಾಡಿರಬಹುದು. ಷವರ್ ಇಟ್ಟ ಹೊಸ ವಾರ್ಡುಗಳಿಗೆ ಆ ರಕ್ಷಣೆ ಇಲ್ಲ. ಹೀಗಾಗಿ ಜಗತ್ತಿನ ಆಸ್ಪತ್ರೆಗಳು ಟ್ಯಾಂಕಿನಲ್ಲಿ ನೀರನ್ನು 60 ಡಿಗ್ರಿಯಲ್ಲಿಟ್ಟು, ಸುತ್ತಿ ಮರಳುವ ನೀರು 50ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತವೆ, ಬಳಸದ ಪೈಪಿನ ತುಂಡುಗಳನ್ನು ಕತ್ತರಿಸಿ ತೆಗೆಯುತ್ತವೆ. 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಗುವಿನದಾದರೆ ಇನ್ನೂ ಬೇಗ. ಆದ್ದರಿಂದ ನಲ್ಲಿಯ ಬಳಿ ತಣ್ಣೀರು ಬೆರೆಸಿ ಹದ ಮಾಡುವ ಕವಾಟ ಇರಲೇಬೇಕು. ಲಾಂಡ್ರಿಗೆ ಇದಕ್ಕೂ ಹೆಚ್ಚು: 71 ಡಿಗ್ರಿಯಲ್ಲಿ 25 ನಿಮಿಷ ಎನ್ನುವುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿ. ನಮ್ಮ ಜಿಲ್ಲಾಸ್ಪತ್ರೆಗಳ ಟ್ಯಾಂಕಿಗೆ ಥರ್ಮಾಮೀಟರ್ ಇದ್ದರೆ, ಅದನ್ನು ಓದಿ ಬರೆದಿಡುವ ಪುಸ್ತಕ ಎಲ್ಲಿದೆ ಎಂದು ಕೇಳಿ ನೋಡಿ.

ಕೇಳುವ ಅಧಿಕಾರಿ ಕಾನೂನಿನಲ್ಲೂ ಇಲ್ಲ. ಬಾಯ್ಲರುಗಳಿಗೆ 1923ರ ಕಾಯ್ದೆಯ ಕಾಲದಿಂದ ಇನ್ಸ್‌ಪೆಕ್ಟರ್ ಇದ್ದಾರೆ, 2025ರಲ್ಲಿ ಹೊಸ ಕಾಯ್ದೆಯೂ ಬಂತು. ಆದರೆ 100 ಡಿಗ್ರಿಗಿಂತ ಕೆಳಗೆ ನೀರು ಕಾಯಿಸುವ ಪಾತ್ರೆ ಬಾಯ್ಲರ್ ಎಂಬ ವ್ಯಾಖ್ಯೆಯ ಆಚೆ. ಆಸ್ಪತ್ರೆಯ ಉಗಿಯಂತ್ರಕ್ಕೆ ವರ್ಷಕ್ಕೊಮ್ಮೆ ತಪಾಸಣೆ, ಪಕ್ಕದ ಗೋಡೆಯ ಬಿಸಿನೀರಿನ ಟ್ಯಾಂಕಿಗೆ ಜೀವಮಾನದಲ್ಲಿ ಒಮ್ಮೆಯೂ ಇಲ್ಲ. ಲಿಫ್ಟಿಗೆ ಪರವಾನಗಿ ಇದೆ, ಅಗ್ನಿಶಾಮಕಕ್ಕೆ ನಿರಾಕ್ಷೇಪಣಾ ಪತ್ರ ಇದೆ. ಬಿಸಿನೀರಿಗೆ ಏನೂ ಇಲ್ಲ.

ಖರೀದಿಯ ಪದ್ಧತಿಯೇ ರೋಗದ ಬೇರು. ಸರ್ಕಾರಿ ಖರೀದಿಗೆಂದು ರಾಜ್ಯ ಮಾಡಿದ 1999ರ ಪಾರದರ್ಶಕತೆ ಕಾಯ್ದೆ ಟೆಂಡರಿನ ಕಳ್ಳತನ ತಡೆಯಲು ಬಂತು, ಒಳ್ಳೆಯದೇ ಆಯಿತು. ಆದರೆ ‘2,000 ಲೀಟರ್ ಸಾಮರ್ಥ್ಯದ ಸೋಲಾರ್ ವಾಟರ್ ಹೀಟರ್, ಸಂಖ್ಯೆ ಒಂದು’ ಎಂದು ಬರೆದ ಟೆಂಡರಿಗೆ ಬರುವುದು ಅಂಥದೊಂದು ಪೆಟ್ಟಿಗೆ ಮಾತ್ರ. ತೆಳು ತಗಡಿನ ಟ್ಯಾಂಕಿನವನು ಗೆಲ್ಲುತ್ತಾನೆ, ದಪ್ಪ ತಗಡಿನವನು ಸೋಲುತ್ತಾನೆ, ಕಾಗದದಲ್ಲಿ ಎರಡೂ 2,000 ಲೀಟರೇ. ಕಡಿಮೆ ದರದವನಿಗೆ ಕೆಲಸ ಕೊಡುವ ಎಲ್-1 ಎಂಬ ಪದ್ಧತಿಯನ್ನು ದೂಷಿಸಿ ಪ್ರಯೋಜನವಿಲ್ಲ, ಅದಕ್ಕೆ ಕೊಟ್ಟ ಪ್ರಶ್ನೆಯೇ ತಪ್ಪು. ಮೂರು ವರ್ಷದ ನಿರ್ವಹಣಾ ಒಪ್ಪಂದ (ಎ.ಎಂ.ಸಿ.) ಮುಗಿದ ಮರುದಿನ ಕಂಪನಿಯ ಫೋನು ಎತ್ತುವವರಿಲ್ಲ. ಕಟ್ಟಡ ಕಟ್ಟಿದ ಸಂಸ್ಥೆ ‘ಹಸ್ತಾಂತರಿಸಿದ್ದೇವೆ’ ಎನ್ನುತ್ತದೆ, ಪಡೆದ ಇಲಾಖೆ ‘ನಮ್ಮಲ್ಲಿ ತಾಂತ್ರಿಕ ಸಿಬ್ಬಂದಿ ಇಲ್ಲ’ ಎನ್ನುತ್ತದೆ. ಹೊಸದಕ್ಕೆ ಬಂಡವಾಳ ಲೆಕ್ಕದಲ್ಲಿ ಲಕ್ಷಗಟ್ಟಲೆ ಸಿಗುತ್ತದೆ, ಇರುವುದರ ರಿಪೇರಿಗೆ ಐದು ಸಾವಿರಕ್ಕೆ ಐದು ಸಹಿ ಬೇಕು. ಹೀಗಿರುವಾಗ ಹೀಟರ್ ಬೇಗ ಸಾಯುವುದೇ ಎಲ್ಲರಿಗೂ ಅನುಕೂಲ.

ಆದ್ದರಿಂದ ಸರ್ಕಾರ ಇನ್ನು ಮುಂದೆ ಹೀಟರ್ ಖರೀದಿಸಬಾರದು, ಬಿಸಿನೀರು ಖರೀದಿಸಬೇಕು. ಬೆಳಿಗ್ಗೆ ಐದೂವರೆಯಿಂದ ಏಳೂವರೆಯವರೆಗೆ ಅತ್ಯಂತ ದೂರದ ಬಚ್ಚಲಿನ ನಲ್ಲಿಯಲ್ಲಿ ಇಷ್ಟು ಡಿಗ್ರಿಯ ಇಷ್ಟು ಲೀಟರ್ ನೀರು, ಹತ್ತು ವರ್ಷ. ಸೋಲಾರೋ ಹೀಟ್ ಪಂಪೋ ಎರಡೂ ಸೇರಿಯೋ, ಯಂತ್ರ ಗುತ್ತಿಗೆದಾರನ ಆಯ್ಕೆ. ಸುಣ್ಣ ಇಳಿಸುವುದು ಅವನ ಕೆಲಸ, ಸಲಾಕೆ ಬದಲಿಸುವುದು ಅವನ ಖರ್ಚು. ಒಂದು ಮೀಟರು, ಒಂದು ತಾಪಮಾಪಕ, ತಿಂಗಳ ದಾಖಲೆ. ಅದರ ಮೇಲೆ ಮೂರು ತಿಂಗಳಿಗೊಮ್ಮೆ ಹಣ. ನೀರು ತಣ್ಣಗಾದ ದಿನಕ್ಕೆ ಕಡಿತ. ಇದರಲ್ಲಿ ಹೊಸತೇನೂ ಇಲ್ಲ. ಉಳಿತಾಯದಿಂದ ಹಣ ಪಡೆಯುವ ಇಂಧನ ಸೇವಾ ಗುತ್ತಿಗೆಗಳನ್ನು ಬೀದಿದೀಪಗಳ ವಿಷಯದಲ್ಲಿ ದೇಶದ ನಗರಸಭೆಗಳು ಆಗಲೇ ಮಾಡಿವೆ. ಬೀದಿಗೆ ಆಗುವುದು ಬಚ್ಚಲಿಗೆ ಏಕಾಗದು?

ಹಣಕಾಸು ಇಲಾಖೆಯ ಆಕ್ಷೇಪ ಗೊತ್ತಿದೆ: ಹತ್ತು ವರ್ಷದ ಬದ್ಧತೆ ಕೊಡಲಾಗದು, ಬಜೆಟ್ ವರ್ಷದ್ದು. ಹೊರಗುತ್ತಿಗೆಯ ಅಡುಗೆಯವರಿಗೆ, ಕಾವಲಿನವರಿಗೆ ವರ್ಷ ವರ್ಷ ಹಣ ಹೋಗುತ್ತಿಲ್ಲವೇ? ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಖಾಸಗಿಯವನ ಕೈಗೆ ಕೊಟ್ಟರೆ ಮೀಟರು ತಿರುಚಿ ಬಿಲ್ ಎತ್ತುತ್ತಾನೆ ಎಂಬುದು. ಎತ್ತಬಹುದು. ಹಾಗಾಗಿ ಬಿಲ್ಲಿಗೆ ಸಹಿ ಹಾಕುವ ಹಕ್ಕು ಜಿಲ್ಲಾ ಕಚೇರಿಗೆ ಹೋಗದೆ ನಿಲಯದಲ್ಲೇ ಉಳಿಯಬೇಕು: ವಾರ್ಡನ್, ಇಬ್ಬರು ವಿದ್ಯಾರ್ಥಿಗಳು, ಒಬ್ಬ ಪೋಷಕರು. ಆಸ್ಪತ್ರೆಯಲ್ಲಿ ಶುಶ್ರೂಷಾ ಅಧೀಕ್ಷಕರು. ತಣ್ಣೀರು ಮಿಂದವರ ಸಹಿ ಇಲ್ಲದೆ ಬಿಲ್ ಪಾಸಾಗಬಾರದು.

ಬದಲಾವಣೆಯ ಮೊದಲ ಕೆಲಸ ಟೆಂಡರ್ ಅಲ್ಲ, ಗಣತಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳು, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರ ಇಲಾಖೆಗಳ ನಿಲಯಗಳು, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳು, ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳು: ಪ್ರತಿ ಟ್ಯಾಂಕಿಗೂ ಒಂದು ಸಾಲು. ಕೂರಿಸಿದ ವರ್ಷ, ನೀರಿನ ಗಡಸುತನ, ಮಲಗುವವರ ಸಂಖ್ಯೆ, ಬೆಳಿಗ್ಗೆ ಆರು ಗಂಟೆಗೆ ಕೊನೆಯ ನಲ್ಲಿಯ ತಾಪ. ಒಂದು ಥರ್ಮಾಮೀಟರ್ ಹಿಡಿದು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ಕೆಲಸ, ಕನ್ಸಲ್ಟೆಂಟರ ವರದಿ ಬೇಕಿಲ್ಲ. ಪಟ್ಟಿಯನ್ನು ಇಲಾಖೆಯ ಕಪಾಟಿನಲ್ಲಿಡದೆ ಆಯಾ ಕಟ್ಟಡದ ಬಾಗಿಲಿಗೆ ಅಂಟಿಸಬೇಕು, ಕೆಳಗೆ ಹೊಣೆ ಹೊತ್ತ ಕಾರ್ಯನಿರ್ವಾಹಕ ಎಂಜಿನಿಯರರ ಹೆಸರಿನ ಸಮೇತ. ಆ ಪಟ್ಟಿ ಬರುವವರೆಗೆ ಬದಲಿ ಹೀಟರಿನ ಯಾವ ಎಸ್ಟಿಮೇಟಿಗೂ ಆಡಳಿತಾತ್ಮಕ ಮಂಜೂರಾತಿ ಕೊಡಕೂಡದು. ಅಲ್ಲಿಯತನಕ ಮಕ್ಕಳು ನಡುಗಬೇಕೆಂದಲ್ಲ: ಇರುವ ಟ್ಯಾಂಕುಗಳಲ್ಲಿ ರಿಪೇರಿಗೆ ಬರುವಂಥವನ್ನು ಸುಣ್ಣ ಇಳಿಸಿ, ಕಾಯಿಲ್ ಬದಲಿಸಿ, ಪೈಪಿಗೆ ಹೊದಿಕೆ ಸುತ್ತಿ ಒಂದೆರಡು ತಿಂಗಳಲ್ಲಿ ಮತ್ತೆ ನಡೆಸಬಹುದು. ಅದಕ್ಕೆ ಬೇಕಾದ ಹಣವನ್ನು ವಾರ್ಡನ್‌ಗಳ ಕೈಗೇ ನೇರವಾಗಿ ಕೊಡಲಿ, ಬೀದರ್ ಮತ್ತು ಕೊಡಗು ಜಿಲ್ಲೆಗಳಿಂದ ಶುರುಮಾಡಿ, ಈ ನವೆಂಬರ್ ಮುಗಿಯುವುದರೊಳಗೆ.